ಮಕ್ಕಳ ಕಿವಿಯನ್ನರಿತ ಪಂಜೆ ಮಂಗೇಶರಾಯರು

ನೇತ್ರಾವತಿ ನದಿಯ ದಡದಲ್ಲಿರುವ ಬಂಟವಾಳದಲ್ಲಿ 1874ನೆಯ ಇಸವಿ ಫೆಬ್ರವರಿ 22ರಂದು ಪಂಜೆ ಮಂಗೇಶರಾಯರು ಜನಿಸಿದರು. ಅವರ ಮನೆಮಾತು ಕೊಂಕಣಿ, ಬೀದಿಯ ಮಾತು ತುಳು, ಪಾಠಶಾಲೆಯ ಮಾತು ಕನ್ನಡ. ಹೀಗೆ ಮೂರು ನುಡಿಗಳ ನಡುವೆ ಬೆಳೆದ ಬಾಲಕನೇ ಮುಂದೆ ಕನ್ನಡ ಮಕ್ಕಳಿಗೆಲ್ಲ ನುಡಿಯ ಬುತ್ತಿಯನ್ನು ಕಟ್ಟಿಕೊಟ್ಟನೆಂಬುದು ಬುಧಗಾಂವದಲ್ಲಿ ವಾಸಿಸುತ್ತ ಕನ್ನಡ ಕಲಿಸಿಕೊಂಡಿರುವ ನನ್ನಂಥವನಿಗೆ ಬರಿಯ ಚರಿತ್ರೆಯ ಸಂಗತಿಯಲ್ಲ. ಹಿಂದೆ ಕಿರಿಯ ಮಿರಜ ಸಂಸ್ಥಾನದ ರಾಜಧಾನಿಯಾಗಿದ್ದ ಈ ಊರಿನಲ್ಲಿ ಕನ್ನಡ ಮನೆತನಗಳ ಮಕ್ಕಳು ಒಲೆಯ ಮುಂದೆ ಕನ್ನಡವನ್ನೂ ಓಣಿಯಲ್ಲಿ ಮರಾಠಿಯನ್ನೂ ಆಡುತ್ತಾರೆ. ಅಜ್ಜಿ ಹಕ್ಕಿಯೆಂದುದನ್ನು ಮೊಮ್ಮಗು ಪಾಖರೂ ಎನ್ನುತ್ತದೆ. ಮರಾಠಿಯ ಮಾತು ಬಂದುದಕ್ಕೆ ನನಗೆ ಖೇದವಿಲ್ಲ. ಅದೂ ಸಿರಿವಂತ ಭಾಷೆಯೇ. ಹಕ್ಕಿಯು ಹಾರಿಹೋಗುತ್ತಿರುವುದೇ ನನ್ನ ಚಿಂತೆ.

ಬಡತನದಲ್ಲಿಯೇ ವಿದ್ಯಾಭ್ಯಾಸ ಮಾಡಿದ ರಾಯರು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಅನಂತರ ಶಾಲಾ ಇನ್‌ಸ್ಪೆಕ್ಟರರಾದರು. ದಕ್ಷಿಣ ಕನ್ನಡ ಜಿಲ್ಲೆಯು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿಯ ಹಳ್ಳಿಗಳ ಎಷ್ಟೋ ಮಕ್ಕಳಿಗೆ ಶಾಲೆಯ ಹೊಸ್ತಿಲು ದಾಟುವವರೆಗೆ ಕನ್ನಡವು ಕಿವಿಗೆ ಅಪರೂಪ. ಪದ ಒಂದು ಕಡೆ, ಅರ್ಥ ಒಂದು ಕಡೆ ಬರೆದು ಉರುಹೊಡೆಯುವುದೇ ಆ ಕಾಲದ ರೂಢಿ. ಇನ್‌ಸ್ಪೆಕ್ಟರರೆಂದರೆ ಮಕ್ಕಳಿರಲಿ, ಮಾಸ್ತರರೇ ನಡುಗುತ್ತಿದ್ದ ದಿನಗಳವು. ಈ ಅಧಿಕಾರಿಯಾದರೋ ತರಗತಿಯಲ್ಲಿ ಕಥೆ ಹೇಳಿ, ಹಾಡಿ, ಮಕ್ಕಳನ್ನೂ ಹಾಡಿಸಿದವರು.

ಅವರ ‘ನಾಗರ ಹಾವೆ’ ಎಂಬ ಹಾಡನ್ನು ನೋಡಿರಿ. ಅದರಲ್ಲಿ ಠಾವು ಎಂಬ ಪದವಿದೆ, ಈವೆನೆಂಬ ಅರ್ಥದ ಹಳೆಯ ಕ್ರಿಯಾರೂಪವಿದೆ. ಎರಡೂ ಮಗುವಿನ ನಿತ್ಯದ ಮಾತಿನಲ್ಲಿಲ್ಲ. ಆದರೂ ಮಗು ಎಡವುವುದಿಲ್ಲ. ಹಾವನ್ನು ಕಂಡಾಗ ಅದರ ಮನೆ ಎಲ್ಲಿಯೆಂದು ಕೇಳುವುದು ಬಾಲಸಹಜ. ಬಿಲವೂ ಪಕ್ಕದಲ್ಲಿಯೇ ಬರುವುದರಿಂದ ಠಾವು ಏನೆಂಬುದನ್ನು ಮಗು ತಾನಾಗಿ ಊಹಿಸುತ್ತದೆ. ಹಾಲಿನ ಮಾತು ಬಂದಾಗ ಕೊಡುವ ಅರ್ಥವೂ ತಿಳಿಯುತ್ತದೆ. ಹಾವನ್ನು ಕರೆಯುವಾಗಿನ ಅಕ್ಕರೆ, ಕಳುಹಿಸುವಾಗಿನ ಅಂಜಿಕೆ ಎರಡೂ ನುಡಿಯ ಕುಣಿತದಲ್ಲಿವೆ. ಪ್ರಾಸವು ಪದವನ್ನು ಹಿಡಿದು ನಿಲ್ಲಿಸುತ್ತದೆ. ಒಂದು ಪದ ಜಾರಿದರೆ ಹಾಡೇ ಕುಂಟುತ್ತದೆಯಾಗಿ ಮಗುವು ಅದನ್ನು ಬಿಡುವುದಿಲ್ಲ.

ಕಥೆಗಳಲ್ಲಿಯೂ ಇದೇ ಉಪಾಯ. ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬುದು ಪ್ರಶ್ನೆಗಳ ಸರಪಳಿ. ಒಂದರ ಉತ್ತರವು ಇನ್ನೊಂದು ಪ್ರಶ್ನೆಯನ್ನು ಎಳೆದು ತರುತ್ತದೆ. ಅದೇ ವಾಕ್ಯದ ಅಚ್ಚು ಮರಳಿ ಮರಳಿ ಬರುತ್ತದೆ. ಘಟ್ಟದ ಮೇಲಿನ ನಮ್ಮ ಮಕ್ಕಳು ಸಿಗಡಿಯನ್ನು ಕಂಡವರಲ್ಲ. ಕಥೆ ಮುಗಿಯುವುದರೊಳಗೆ ಅದು ಅವರ ನೆಂಟನಾಗಿರುತ್ತದೆ.

ಒಂದೇ ಕಥೆಯನ್ನು ನೂರು ಸಲ ಹೇಳೆಂದು ಪೀಡಿಸುವ ಕೂಸಿನ ಹಟವು ವ್ಯರ್ಥವಲ್ಲವೆಂದು ಈಚಿನ ವಿದ್ವಾಂಸರೂ ಕಂಡುಕೊಂಡಿದ್ದಾರೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಮೂರು ವರ್ಷದ ಮಕ್ಕಳಲ್ಲಿ ಕೆಲವರಿಗೆ ಒಂದೇ ಕಥೆಯನ್ನು ಮತ್ತೆ ಮತ್ತೆ ಓದಿದರು. ಉಳಿದವರಿಗೆ ಬೇರೆ ಬೇರೆ ಕಥೆಗಳನ್ನು ಓದಿದರು. ಹೊಸ ಪದಗಳು ಇಬ್ಬರ ಕಿವಿಗೂ ಅಷ್ಟೇ ಸಲ ಬಿದ್ದಿದ್ದವು. ಆದರೂ ವಾರ ಕಳೆದ ಮೇಲೆ ಅವನ್ನು ಹೆಚ್ಚು ಚೆನ್ನಾಗಿ ನೆನಪಿಟ್ಟವರು ಒಂದೇ ಕಥೆ ಕೇಳಿದವರು. ಗುರುತಾದ ಕಥೆಯೊಳಗೆ ಮಗುವಿನ ಲಕ್ಷ್ಯವು ಹೊಸ ಪದದ ಮೇಲೆ ನಿಲ್ಲಬಲ್ಲದು. ರಾಯರಿಗೆ ಇಂಥ ಪರೀಕ್ಷೆ ಬೇಕಾಗಿರಲಿಲ್ಲ.

ನನಗಾದರೋ ಬಹಳ ತಡವಾಗಿ ತಿಳಿಯಿತು. ಉಪಾಧ್ಯಾಯನಾದ ಮೊದಲ ವರ್ಷಗಳಲ್ಲಿ ನಾನೂ ದಿನಕ್ಕೆ ಹತ್ತು ಪದಗಳ ಪಟ್ಟಿ ಬರೆಯಿಸಿದೆನು. ಮಕ್ಕಳು ಪರೀಕ್ಷೆಯಲ್ಲಿ ಒಪ್ಪಿಸಿದರು, ರಜೆ ಮುಗಿಸಿ ಬರುವಷ್ಟರಲ್ಲಿ ಮರೆತರು. ದೋಷ ಅವರದಾಗಿರಲಿಲ್ಲ. ಈಗ ಪಟ್ಟಿಯನ್ನು ಬಿಟ್ಟಿದ್ದೇನೆ; ನಮ್ಮ ಬೀದಿಯ ಚಿಕ್ಕವರು ಸಂಜೆ ಮನೆಯ ಕಟ್ಟೆಗೆ ಬಂದರೆ ಒಂದೇ ಹಾಡನ್ನು ತಿಂಗಳುಗಟ್ಟಲೆ ಹಾಡುತ್ತೇವೆ. ಮೊನ್ನೆ ಒಬ್ಬ ಹುಡುಗಿ ತನ್ನ ಬೆಕ್ಕಿನ ಠಾವು ಅಟ್ಟದ ಮೇಲಿದೆಯೆಂದಳು. ಮಾತಿನ ಉಳಿದರ್ಧ ಮರಾಠಿಯಲ್ಲಿತ್ತು.

ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ ಮಕ್ಕಳ ಪುಸ್ತಕಗಳನ್ನು ಹೊರತಂದ ರಾಯರು ಮುಂದೆ ಮಡಿಕೇರಿಯ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ‘ಹುತ್ತರಿ ಹಾಡು’ ಕೊಡಗಿನ ಆ ದಿನಗಳ ಫಲ. ಕೊಂಕಣಿಯ ಮನೆಯಿಂದ ಬಂದ ಇವರೇ 1934ರಲ್ಲಿ, ಆಗ ನಿಜಾಮರ ಆಳಿಕೆಯಲ್ಲಿದ್ದ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದರು. 1937ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು. ಅವರು ಇಟ್ಟುಕೊಂಡ ಕಾವ್ಯನಾಮ ಕವಿಶಿಷ್ಯ. ಹಾಡನ್ನು ಬಲ್ಲ ಎಷ್ಟೋ ಮಕ್ಕಳಿಗೆ ಹಾಡಿದವರ ಹೆಸರು ತಿಳಿಯದು. ಕೇಳಿದರೆ, ಅದು ನಮ್ಮ ಅಜ್ಜಿಯ ಹಾಡು ಎನ್ನುತ್ತವೆ.