ಸರ್ವರ ಸೋದರ: ಸಂತ ಚಾರ್ಲ್ಸ್ ದ ಫುಕೊ

ಒಂದು ನಾಡನ್ನು ಪರದೇಶದ ಸೈನ್ಯ ಗೆದ್ದುಕೊಂಡಿದೆ ಎಂದು ಭಾವಿಸಿಕೊಳ್ಳಿ. ಆ ಸೈನ್ಯದ ದೇಶದವರೇ ಆದ ಒಬ್ಬ ಯಾಜಕರು ಬರುತ್ತಾರೆ. ಸೋತ ಜನರ ನಡುವೆ ಗುಡಿಸಲು ಕಟ್ಟಿಕೊಂಡು, ತಾನು ಅವರೆಲ್ಲರ ಸೋದರನೆಂದು ಹೇಳಿಕೊಳ್ಳುತ್ತಾರೆ. ಆ ಜನರ ಸ್ಥಾನದಲ್ಲಿ ನೀವಿದ್ದರೆ ನಂಬುತ್ತಿದ್ದಿರಾ? 1905ರಲ್ಲಿ ಸಹಾರಾ ಮರುಭೂಮಿಯ ತುವಾರೆಗ್ ಬುಡಕಟ್ಟಿನವರ ಮುಂದೆ ಈ ಪ್ರಶ್ನೆ ಎದ್ದಿತ್ತು. ಆ ಯಾಜಕರೇ ಚಾರ್ಲ್ಸ್ ದ ಫುಕೊ. ಇಂದು ನಾವು ಅವರನ್ನು ಸಂತರೆಂದು ಗೌರವಿಸುತ್ತೇವೆ. ಆದರೆ ಅವರ ಬಾಳು ಸರಳ ಕಥೆಯಲ್ಲ. ಅದಕ್ಕಾಗಿಯೇ ಅದನ್ನು ನಿಧಾನವಾಗಿ ಓದಬೇಕು.

ಚಾರ್ಲ್ಸ್ ಹುಟ್ಟಿದ್ದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ, 1858ರ ಸೆಪ್ಟೆಂಬರ್ 15ರಂದು. ಆರು ವರ್ಷ ತುಂಬುವ ಮೊದಲೇ ತಂದೆತಾಯಿಯನ್ನು ಕಳೆದುಕೊಂಡು ತಾತನ ಆಶ್ರಯದಲ್ಲಿ ಬೆಳೆದರು. ಹದಿಹರೆಯದಲ್ಲಿ ವಿಶ್ವಾಸ ಬತ್ತಿಹೋಯಿತು. ಸೈನಿಕ ಶಾಲೆ ಸೇರಿದರು. ತಾತ ತೀರಿಕೊಂಡು ಆಸ್ತಿ ಕೈಗೆ ಬಂದಾಗ ಅದನ್ನು ಭೋಜನ, ವಿಲಾಸಗಳಲ್ಲಿ ನೀರಿನಂತೆ ಚೆಲ್ಲಿದರು. ಅಲ್ಜೀರಿಯದಲ್ಲಿ ಸೈನ್ಯಾಧಿಕಾರಿಯಾಗಿದ್ದಾಗ ಅನೈತಿಕ ಸಂಬಂಧವನ್ನು ಬಿಡಲು ಒಪ್ಪದೆ 1881ರಲ್ಲಿ ಕರ್ತವ್ಯದಿಂದ ದೂರವಾದರು. ಆದರೆ ಅಲ್ಲಿ ದಂಗೆ ಎದ್ದಿತೆಂಬ ಸುದ್ದಿ ಕೇಳಿದೊಡನೆ ಗೆಳೆಯರ ಬಳಿಗೆ ಓಡಿಬಂದು ಹೋರಾಡಿದರು. ಅವರ ಸ್ವಭಾವವೇ ಹಾಗೆ. ಹಿಡಿದದ್ದನ್ನು ಅರ್ಧಕ್ಕೆ ಬಿಡುವವರಲ್ಲ.

ಮರುವರ್ಷ ಸೈನ್ಯ ಬಿಟ್ಟು, ಯುರೋಪಿಯನ್ನರಿಗೆ ಪ್ರವೇಶವಿಲ್ಲದ ಮೊರೊಕ್ಕೊದ ಒಳನಾಡಿಗೆ ಯಹೂದ್ಯನ ವೇಷದಲ್ಲಿ ಹೊರಟರು. 1883-84ರ ಆ ಸಾಹಸಯಾತ್ರೆಗೆ ಪ್ಯಾರಿಸ್‌ನ ಭೂಗೋಳ ಸಂಘ ಚಿನ್ನದ ಪದಕ ನೀಡಿತು. ಅದಕ್ಕಿಂತ ದೊಡ್ಡ ಬಹುಮಾನ ಒಂದಿತ್ತು. ದಿನಕ್ಕೆ ಐದು ಬಾರಿ ದೇವರ ಮುಂದೆ ತಲೆಬಾಗುವ ಮುಸ್ಲಿಮರ ಭಕ್ತಿ ಅವರ ಮನಸ್ಸನ್ನು ಕಲಕಿತು. ಗಮನಿಸಿ, ಕಳೆದುಹೋದ ಕ್ರೈಸ್ತನೊಬ್ಬನಿಗೆ ದೇವರ ನೆನಪು ತಂದವರು ಅನ್ಯಧರ್ಮೀಯರು! ಊರಿಗೆ ಮರಳಿದ ಮೇಲೆ ಸೋದರಸಂಬಂಧಿ ಮರೀ ದ ಬೊಂದಿ ಎಂಬ ಗೃಹಿಣಿಯ ಮೌನಸಾಕ್ಷ್ಯ ಅವರನ್ನು ಸೆಳೆಯಿತು. ಆಕೆ ಉಪದೇಶಿಸಲಿಲ್ಲ, ವಾದ ಮಾಡಲಿಲ್ಲ, ಅಕ್ಕರೆಯಿಂದ ಬರಮಾಡಿಕೊಂಡರು. 1886ರ ಅಕ್ಟೋಬರ್ ಕೊನೆಯಲ್ಲಿ ಚಾರ್ಲ್ಸ್ ಪ್ಯಾರಿಸ್ಸಿನ ಸಂತ ಅಗುಸ್ತೀನರ ದೇವಾಲಯದಲ್ಲಿ ಫಾದರ್ ಯುವೆಲಿನ್ ಅವರ ಮುಂದೆ ಮೊಣಕಾಲೂರಿ ಪಾಪನಿವೇದನೆ ಮಾಡಿದರು.

ಅಲ್ಲಿಂದ ಮುಂದೆ ಅವರಿಗೆ ಬೇಕಾದದ್ದು ಕಡೆಯ ಸ್ಥಾನ. 1890ರಲ್ಲಿ ಟ್ರ್ಯಾಪಿಸ್ಟ್ ಮಠ ಸೇರಿದರು. ಏಳು ವರ್ಷಗಳ ನಂತರ ಅದೂ ಸಾಕಷ್ಟು ಬಡತನವಲ್ಲವೆನಿಸಿ, ಯೇಸುವಿನ ಊರಾದ ನಜರೇತಿಗೆ ಹೋಗಿ ಸನ್ಯಾಸಿನಿಯರ ಮಠದಲ್ಲಿ ಕೂಲಿಯಾಳಾದರು. 1901ರ ಜೂನ್ 9ರಂದು ಗುರುದೀಕ್ಷೆ ಪಡೆದು, ಅದೇ ವರ್ಷ ಅಲ್ಜೀರಿಯದ ಬೆನಿ ಅಬ್ಬೆಸ್ ಎಂಬ ಮರುಭೂಮಿಯ ಊರಿಗೆ ಬಂದರು. ಅಲ್ಲಿ ಗುಲಾಮಗಿರಿಯನ್ನು ಕಣ್ಣಾರೆ ಕಂಡರು. ಫ್ರೆಂಚ್ ಸರ್ಕಾರ ಅದನ್ನು ಸಹಿಸಿಕೊಂಡಿದ್ದುದನ್ನು ಪತ್ರಗಳಲ್ಲಿ ಖಂಡಿಸಿದರು. ಕೆಲವು ಗುಲಾಮರನ್ನು ಹಣ ಕೊಟ್ಟು ಬಿಡಿಸಿದರು.

ಮರುಭೂಮಿಯ ಇನ್ನೂ ಒಳಗೆ, ಹೊಗ್ಗಾರ್ ಬೆಟ್ಟಗಳಲ್ಲಿ, ತುವಾರೆಗರು ಇದ್ದರು. ಒಂಟೆ, ಮೇಕೆಗಳೊಂದಿಗೆ ಅಲೆಯುವ ಅಭಿಮಾನಿ ಜನ. ಅವರಲ್ಲಿ ಮುಖಕ್ಕೆ ಮುಸುಕು ಹಾಕುವವರು ಗಂಡಸರು. 1902ರಲ್ಲಿ ತಿತ್ ಎಂಬಲ್ಲಿ ನಡೆದ ಕಾಳಗದಲ್ಲಿ ಅವರು ಫ್ರೆಂಚರಿಗೆ ಸೋತರು. ನಾಯಕ ಮೂಸಾ ಅಗ್ ಅಮಸ್ತಾನ್ ಫ್ರೆಂಚರೊಂದಿಗೆ ಸಂಧಿ ಮಾಡಿಕೊಂಡರು. 1905ರ ಆಗಸ್ಟ್‌ನಲ್ಲಿ, ಮೂಸಾ ಅವರ ಒಪ್ಪಿಗೆ ಪಡೆದು, ಸುಮಾರು ಇಪ್ಪತ್ತು ಗುಡಿಸಲುಗಳ ತಮನ್ರಸೆತ್‌ನಲ್ಲಿ ಚಾರ್ಲ್ಸ್ ನೆಲೆಸಿದರು. ಆ ದಾರಿ ತೆರೆದುಕೊಟ್ಟವರು ಅವರ ಹಳೆಯ ಸೈನಿಕ ಗೆಳೆಯ, ಸಹಾರಾದ ಫ್ರೆಂಚ್ ದಳಪತಿ ಲಾಪೆರಿನ್ ಎಂಬುದನ್ನು ನಾವು ಮರೆಯಬಾರದು.

ಚಾರ್ಲ್ಸ್ ಎಲ್ಲರಿಗೂ ಕೊಟ್ಟರು: ಧಾನ್ಯ, ಔಷಧ, ಸೂಜಿ, ಸಮಯ. ಆದರೆ ಅವರು ಇನ್ನೂ ಕೊಡುವವರಾಗಿಯೇ ಉಳಿದಿದ್ದರು. 1907ರಲ್ಲಿ ಭೀಕರ ಬರ ಬಂತು. ಮೇಕೆಗಳ ಕೆಚ್ಚಲು ಒಣಗಿತು. ಅವರು ತಮ್ಮಲ್ಲಿದ್ದ ಧಾನ್ಯವನ್ನೂ ಹಂಚಿಬಿಟ್ಟರು. ಆ ವರ್ಷದ ಕ್ರಿಸ್ಮಸ್ ದಿನ ಬಲಿಪೂಜೆಯನ್ನೂ ಅರ್ಪಿಸಲಾಗಲಿಲ್ಲ. ಆಗಿನ ನಿಯಮದಂತೆ ಪೂಜೆಗೆ ಜೊತೆಗೊಬ್ಬ ಕ್ರೈಸ್ತ ಇರಲೇಬೇಕಿತ್ತು. ಅಲ್ಲಿ ಯಾರೂ ಇರಲಿಲ್ಲ. 1908ರ ಜನವರಿಯಲ್ಲಿ ಅವರು ಕುಸಿದುಬಿದ್ದರು. ಸಾವು ಹತ್ತಿರವಿತ್ತು. ಆಗ ಹಸಿದಿದ್ದ ಅದೇ ಜನರು ಸುತ್ತಮುತ್ತಲ ಮೇಕೆಗಳನ್ನೆಲ್ಲ ಹುಡುಕಿ, ತೊಟ್ಟು ತೊಟ್ಟಾಗಿ ಹಾಲು ಕೂಡಿಸಿ ತಂದು ಕುಡಿಸಿದರು. ಅವರು ಬದುಕಿದರು.

ಅವರ ಬಾಳಿನ ಎರಡನೆಯ ಮನಃಪರಿವರ್ತನೆ ಇದೇ ಎಂದು ಅನೇಕರು ಭಾವಿಸುತ್ತಾರೆ. ಕೊಡಲು ಬಂದವರು ಕೈಚಾಚಿ ಪಡೆಯುವವರಾದರು. ಅಲ್ಲಿಂದ ಮುಂದೆ ಅವರ ದಿನದ ಬಹುಪಾಲು ತುವಾರೆಗರ ಭಾಷೆಗೆ ಮೀಸಲಾಯಿತು. ಅವರ ಸಾವಿರಾರು ಸಾಲು ಕಾವ್ಯವನ್ನು ಕೇಳಿ ಬರೆದುಕೊಂಡರು, ನಿಘಂಟು ರಚಿಸಿದರು. ನಾಲ್ಕು ಸಂಪುಟಗಳ ಆ ನಿಘಂಟು 1951-52ರಲ್ಲಿ ಅಚ್ಚಾಯಿತು.

ಅಷ್ಟರಲ್ಲಿ ಯುದ್ಧ ಬಂತು. 1911ರಲ್ಲಿ ಇಟಲಿ ಪಕ್ಕದ ಲಿಬಿಯದ ಮೇಲೆ ದಾಳಿಮಾಡಿತ್ತು. ಅಲ್ಲಿನ ಸನೂಸಿ ಎಂಬ ಮುಸ್ಲಿಂ ಪಂಥದವರು ಅದನ್ನು ಎದುರಿಸಿ ನಿಂತಿದ್ದರು. 1914ರ ಮಹಾಯುದ್ಧದಲ್ಲಿ ತುರ್ಕಿ ಜರ್ಮನಿಯ ಪಕ್ಷ ಸೇರಿದ ಮೇಲೆ ಸನೂಸಿಗಳಿಗೆ ಆ ಎರಡು ದೇಶಗಳ ಹಣ, ಆಯುಧ, ಅಧಿಕಾರಿಗಳ ನೆರವು ದೊರೆಯಿತು. ಯುರೋಪಿನ ದೊರೆಗಳ ಜಗಳ ಹೀಗೆ ಮರಳುಗಾಡಿಗೆ ಇಳಿಯಿತು. ತುವಾರೆಗರು ಒಡೆದುಹೋದರು. ಕೆಲವರು ಸನೂಸಿಗಳತ್ತ ವಾಲಿದರು. ಮೂಸಾ ಫ್ರೆಂಚರ ಪಕ್ಷದಲ್ಲೇ ಉಳಿದರು. 1916ರ ಮಾರ್ಚ್‌ನಲ್ಲಿ ಪೂರ್ವದ ಜಾನೆತ್ ಕೋಟೆ ಸನೂಸಿಗಳ ವಶವಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ದಕ್ಷಿಣದ ಅಗದೇಸ್ ನಗರವನ್ನು ಕಾವೊಸೆನ್ ಎಂಬ ತುವಾರೆಗ್ ನಾಯಕ ಮುತ್ತಿದ.

ಚಾರ್ಲ್ಸ್ ಈಗ ಏನು ಮಾಡಬೇಕಿತ್ತು? ಊರಿನವರಿಗೆ ದಾಳಿಕಾರರಿಂದ ರಕ್ಷಣೆ ಬೇಕಿತ್ತು. ಅವರಿಗೆ ಆಶ್ರಯವಾಗಲೆಂದು ಹದಿನಾರು ಮೀಟರ್ ಚೌಕದ, ದಪ್ಪ ಗೋಡೆಯ ಪುಟ್ಟ ಕೋಟೆ ಕಟ್ಟಿದರು. ಸುತ್ತ ಕಂದಕ, ಒಳಗೆ ಬಾವಿ. 1916ರ ಜೂನ್‌ನಲ್ಲಿ ಅಲ್ಲಿಗೆ ವಾಸ ಬದಲಿಸಿದರು. ಆದರೆ ಕೋಟೆಯೊಳಗೆ ಸೈನ್ಯ ಕಳುಹಿಸಿದ ಬಂದೂಕುಗಳೂ ಇದ್ದವು. ದಂಗೆಯ ಸುದ್ದಿಗಳನ್ನು ಅವರು ಫ್ರೆಂಚ್ ಅಧಿಕಾರಿಗಳಿಗೆ ಪತ್ರದಲ್ಲಿ ತಿಳಿಸುತ್ತಲೂ ಇದ್ದರು. ತಮ್ಮ ದೇಶದ ಯುದ್ಧ ನ್ಯಾಯವಾದದ್ದೆಂದು ನಂಬಿದ್ದರು. ಫ್ರೆಂಚ್ ಆಳ್ವಿಕೆ ಈ ಜನರಿಗೆ ಒಳಿತು ಮಾಡಬಲ್ಲದೆಂದೂ ನಂಬಿದ್ದರು. ಹಾಗಿದ್ದೂ, ಈ ಜನರನ್ನು ಸಮಾನರೆಂದು ಕಾಣದಿದ್ದರೆ ಫ್ರಾನ್ಸ್ ಒಂದು ದಿನ ಇಲ್ಲಿಂದ ಹೊರದೂಡಲ್ಪಡುವುದೆಂದು ಸಾಯುವ ವರ್ಷವೇ ಬರೆದು ಎಚ್ಚರಿಸಿದ್ದರು. 1962ರಲ್ಲಿ ಅಲ್ಜೀರಿಯ ಸ್ವತಂತ್ರವಾಯಿತು.

1916ರ ಡಿಸೆಂಬರ್ 1, ತಿಂಗಳ ಮೊದಲ ಶುಕ್ರವಾರ. ಸಂಜೆ ಬಾಗಿಲ ಬಳಿ ಪರಿಚಿತ ದನಿ. ಅವರಿಂದ ಉಪಕಾರ ಪಡೆದಿದ್ದ ಎಲ್ ಮದನಿ ಎಂಬವನು ಅಂಚೆ ಬಂದಿದೆಯೆಂದು ಕರೆದ. ಬಾಗಿಲು ತೆರೆದೊಡನೆ ಶಸ್ತ್ರಧಾರಿಗಳು ಅವರನ್ನು ಎಳೆದು ಕೈಕಟ್ಟಿ ಕೂರಿಸಿದರು. ಅವರನ್ನು ಒತ್ತೆಯಾಳಾಗಿ ಒಯ್ದು ಬಂದೂಕುಗಳನ್ನು ದೋಚುವುದೇ ಉದ್ದೇಶವಾಗಿತ್ತೆಂದು ಹೆಚ್ಚಿನ ಚರಿತ್ರಕಾರರ ಅಭಿಪ್ರಾಯ. ಕಾವಲಿಗೆ ನಿಂತವನು ಸುಮಾರು ಹದಿನೈದು ವರ್ಷದ ಹುಡುಗ. ಅಷ್ಟರಲ್ಲಿ ಫ್ರೆಂಚ್ ಸೈನ್ಯದ ಇಬ್ಬರು ಅಲ್ಜೀರಿಯನ್ ಒಂಟೆ ಸವಾರರು ಬರುವುದು ಕಂಡಿತು. ಗಲಿಬಿಲಿಯಲ್ಲಿ ಹುಡುಗ ಗುಂಡು ಹಾರಿಸಿದ. 58 ವರ್ಷದ ಚಾರ್ಲ್ಸ್ ಅಲ್ಲೇ ಒರಗಿದರು. ಆ ಇಬ್ಬರು ಮುಸ್ಲಿಂ ಸೈನಿಕರೂ ಹತರಾದರು. ಕೆಲವು ವಾರಗಳ ನಂತರ ಬಂದ ಫ್ರೆಂಚ್ ಅಧಿಕಾರಿಗೆ ಪರಮಪ್ರಸಾದದ ಪ್ರದರ್ಶನ ಪಾತ್ರೆ ಮರಳಿನಲ್ಲಿ ಬಿದ್ದಿದ್ದುದು ಸಿಕ್ಕಿತು.

ಲೆಕ್ಕ ಹಾಕಿದರೆ ಅದು ಸೋತ ಬಾಳು. ದೀಕ್ಷಾಸ್ನಾನ ಪಡೆದವರು ಬೆರಳೆಣಿಕೆಯಷ್ಟು. ಕೊನೆಯವರೆಗೆ ಜೊತೆ ನಿಂತ ಸಹೋದರ ಒಬ್ಬರೂ ಇಲ್ಲ. ಆದರೂ ಅವರ ಹಾದಿಯಲ್ಲಿ 1933ರಲ್ಲಿ ಯೇಸುವಿನ ಕಿರಿಯ ಸಹೋದರರ ಸಭೆಯೂ 1939ರಲ್ಲಿ ಕಿರಿಯ ಸಹೋದರಿಯರ ಸಭೆಯೂ ಹುಟ್ಟಿದವು. 2022ರ ಮೇ 15ರಂದು ಪೋಪ್ ಫ್ರಾನ್ಸಿಸರು ಅವರನ್ನು ಸಂತಪದವಿಗೇರಿಸಿದರು. ಅದೇ ದಿನ ಸಂತಪದವಿ ಪಡೆದವರಲ್ಲಿ ನಮ್ಮ ದೇಶದ ದೇವಸಹಾಯಂ ಪಿಳ್ಳೈ ಕೂಡ ಒಬ್ಬರು. ದೇವಸಹಾಯಂ ಅವರನ್ನು ಧರ್ಮಸಭೆ ರಕ್ತಸಾಕ್ಷಿಯೆಂದು ಸಾರಿತು. ಚಾರ್ಲ್ಸರನ್ನು ಹಾಗೆ ಕರೆಯಲಿಲ್ಲ. ಅವರು ಬಾಳಿದ ರೀತಿಯನ್ನು ನೋಡಿ ಗೌರವಿಸಿತು. ಇದು ಸರಿಯಾದದ್ದೇ. ಅವರನ್ನು ಕೊಂದದ್ದು ಯುದ್ಧ. ಅವರ ಪವಿತ್ರತೆ ಆ ಹದಿನೊಂದು ವರ್ಷಗಳ ನೆರೆಹೊರೆಯಲ್ಲಿತ್ತು.

ಪ್ರಿಯ ಓದುಗರೇ, ಅವರು ಸಂತರಾದ ಮಾತ್ರಕ್ಕೆ ಅವರ ಎಲ್ಲ ನಂಬಿಕೆಗಳೂ ಸರಿಯೆಂದು ನಾವು ಹೇಳಬೇಕಾಗಿಲ್ಲ. ಪ್ರೀತಿಸಿದ ಜನರ ನಡುವೆ ನಿಂತು, ತನ್ನ ದೇಶದ ಬಂದೂಕುಗಳನ್ನೂ ಇಟ್ಟುಕೊಳ್ಳಬೇಕಾಗಿ ಬಂದ ಮನುಷ್ಯನ ಸಂಕಟವನ್ನು ಅರಿತರೆ ಸಾಕು. ನಮ್ಮ ಊರುಗಳಲ್ಲೂ ಗಾಳಿಸುದ್ದಿ ಹಬ್ಬಿ ನೆರೆಯವರು ಒಬ್ಬರನ್ನೊಬ್ಬರು ಅನುಮಾನಿಸುವ ದಿನಗಳು ಬರುತ್ತವೆ. ಅಂಥ ದಿನ ಬರುವ ಮೊದಲೇ ಮಾಡಬೇಕಾದ ಕೆಲಸವೊಂದಿದೆ. ಡಿಸೆಂಬರ್ 1 ಅವರ ಹಬ್ಬ; ಅದರ ಬೆನ್ನಿಗೇ ಕ್ರಿಸ್ಮಸ್. ನೆರೆಮನೆಗಳಿಗೆ ನಾವು ಕುಸ್ವಾರ್ ಕಳುಹಿಸುತ್ತೇವೆ, ಒಳ್ಳೆಯದು. ಆದರೆ ಅವರ ಹಬ್ಬದ ದಿನ ನಾವು ಅವರ ಮನೆಯಲ್ಲಿ ಕುಳಿತು ಉಂಡಿದ್ದೇವೆಯೇ? ನಮ್ಮ ಮಕ್ಕಳಿಗೆ ಅವರ ಅಜ್ಜಿಯ ಹೆಸರು ಗೊತ್ತೇ? ಈ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿ ಕೇಳಿ ತಿಳಿಯಿರಿ. ಅಲ್ಲಿ ಹಾಲು ಕೊಟ್ಟರೆ ಬೇಡವೆನ್ನದೆ ಕುಡಿಯಿರಿ.