ಡ್ರಾಕುಲಾನನ್ನು ಹುಟ್ಟಿಸಿದ ಗುಮಾಸ್ತ

ಡ್ರಾಕುಲಾ ಅಂದರೆ ಚಿಕ್ಕ ಮಕ್ಕಳಿಗೂ ಗೊತ್ತು. ಅವನನ್ನು ಹುಟ್ಟಿಸಿದ ಬ್ರಾಮ್ ಸ್ಟೋಕರ್ ಯಾರು ಅಂತ ಕೇಳಿದರೆ ದೊಡ್ಡವರೂ ತಲೆ ಕೆರೆದುಕೊಳ್ಳುತ್ತಾರೆ.

ಐರ್ಲೆಂಡಿನ ಡಬ್ಲಿನ್ ಬಳಿಯ ಕ್ಲಾಂಟಾರ್ಫ್‌ನಲ್ಲಿ 1847ರ ನವೆಂಬರ್ 8ರಂದು ಜನನ. ಏಳು ವರ್ಷದವರೆಗೆ ಹಾಸಿಗೆಯೇ ಗತಿ. ಏನು ಕಾಯಿಲೆ ಅಂತ ಕೊನೆಗೂ ತಿಳಿಯಲಿಲ್ಲ. ತಾಯಿ ಶಾರ್ಲೆಟ್ ಪಕ್ಕದಲ್ಲಿ ಕೂತು ಕತೆ ಹೇಳುತ್ತಿದ್ದರು. ಬರೀ ಕಟ್ಟುಕತೆಯಲ್ಲ, 1832ರಲ್ಲಿ ತಮ್ಮೂರು ಸ್ಲೈಗೊಗೆ ಕಾಲರಾ ಬಡಿದಾಗಿನ ಸಂಗತಿಗಳನ್ನೂ ಹೇಳುತ್ತಿದ್ದರು. ಜೀವ ಹೋಗುವ ಮೊದಲೇ ಹೂಳಲು ಒಯ್ದವರ ಸುದ್ದಿಯೂ ಅದರಲ್ಲಿತ್ತು. ಸತ್ತೂ ಸಾಯದವನ ಕಾದಂಬರಿಗೆ ಬೀಜ ಬಿದ್ದದ್ದು ಅಲ್ಲೇ ಇರಬೇಕು.

ಅದೇ ಹುಡುಗ ಮುಂದೆ ಟ್ರಿನಿಟಿ ಕಾಲೇಜಿನಲ್ಲಿ ಆಟೋಟಗಳಲ್ಲಿ ಹೆಸರು ಮಾಡಿದ. ಓದು ಮುಗಿಸಿ ಸರಕಾರಿ ಗುಮಾಸ್ತನಾದ ಸ್ಟೋಕರ್, ಪತ್ರಿಕೆಯೊಂದಕ್ಕೆ ಸಂಬಳವಿಲ್ಲದೆ ನಾಟಕ ವಿಮರ್ಶೆ ಬರೆದರು. ಅದರಿಂದಲೇ ಪ್ರಸಿದ್ಧ ನಟ ಹೆನ್ರಿ ಇರ್ವಿಂಗ್ ಪರಿಚಯವಾಯಿತು. 1878ರಲ್ಲಿ ಫ್ಲಾರೆನ್ಸ್ ಅವರನ್ನು ಮದುವೆಯಾಗಿ, ಲಂಡನ್ನಿನ ಲೈಸಿಯಂ ನಾಟಕಶಾಲೆಯ ವ್ಯವಸ್ಥಾಪಕರಾಗಿ ಹೋದರು. ಮರುವರ್ಷ ಅಚ್ಚಾದ ಪುಸ್ತಕ ಯಾವುದು ಗೊತ್ತೇ? ಕೋರ್ಟು ಗುಮಾಸ್ತರ ಕೈಪಿಡಿ!

ವಿಕ್ರಮ-ಬೇತಾಳ ಕತೆಗಳನ್ನು 1870ರಲ್ಲಿ ಇಂಗ್ಲಿಷಿಗೆ ತಂದ ರಿಚರ್ಡ್ ಬರ್ಟನ್ ಕೂಡ ಪರಿಚಿತರೇ. ಅವರ ಕೋರೆಹಲ್ಲನ್ನು ಸ್ಟೋಕರ್ ಮರೆಯದೆ ಬರೆದಿಟ್ಟಿದ್ದಾರೆ. 1890ರ ಬೇಸಿಗೆಯಲ್ಲಿ ವಿಟ್ಬಿ ಎಂಬ ಕಡಲತೀರದ ಊರಿನ ಗ್ರಂಥಾಲಯದಲ್ಲಿ ಡ್ರಾಕುಲಾ ಎಂಬ ಹೆಸರು ಸಿಕ್ಕಿತು. ಕತೆ ನಡೆಯುವ ಟ್ರಾನ್ಸಿಲ್ವೇನಿಯಾಕ್ಕೆ ಅವರು ಕಾಲಿಟ್ಟವರೇ ಅಲ್ಲ, ಎಲ್ಲ ಪುಸ್ತಕ ಓದಿ ತಿಳಿದದ್ದು.

ಕಾದಂಬರಿ ಬಂದದ್ದು 1897ರ ಮೇನಲ್ಲಿ. ನಾಟಕದ ಹಕ್ಕು ಬೇರೆಯವರ ಪಾಲಾಗಬಾರದು ಅಂತ ಅದಕ್ಕೂ ಮುಂಚೆ ಲೈಸಿಯಂ ವೇದಿಕೆಯಲ್ಲಿ ಓದಿಸಿದ್ದರು. ಇಷ್ಟು ಲೆಕ್ಕಾಚಾರದ ಮನುಷ್ಯ, ಅಮೆರಿಕದಲ್ಲಿ ಮಾತ್ರ ನಿಯಮದ ಪ್ರಕಾರ ಪ್ರತಿ ಒಪ್ಪಿಸುವುದು ತಪ್ಪಿಹೋಗಿ, ಅಲ್ಲಿ ಹಕ್ಕೇ ಉಳಿಯಲಿಲ್ಲ. ಮೊದಲ ಸಾವಿರ ಪ್ರತಿಗೆ ಗೌರವಧನವೂ ಇರಲಿಲ್ಲ.

1905ರಲ್ಲಿ ಇರ್ವಿಂಗ್ ತೀರಿಕೊಂಡ ಮೇಲೆ ಕೈ ಬಿಗಿಯಾಯಿತು, ಆರೋಗ್ಯವೂ ಕೆಟ್ಟಿತು. 1911ರಲ್ಲಿ ಸಾಹಿತಿಗಳ ನೆರವು ನಿಧಿಗೆ ಅರ್ಜಿ ಹಾಕಿ 100 ಪೌಂಡ್ ಪಡೆದರು. 1912ರ ಏಪ್ರಿಲ್ 20ರಂದು ನಿಧನ. ಟೈಟಾನಿಕ್ ಮುಳುಗಿ ಆಗಿನ್ನೂ ಐದೇ ದಿನ, ಪತ್ರಿಕೆಗಳ ತುಂಬ ಅದೇ ಸುದ್ದಿ.

ಮರುವರ್ಷ ಕಾದಂಬರಿಯ ಟಿಪ್ಪಣಿಗಳು ಹರಾಜಿನಲ್ಲಿ ಎರಡು ಪೌಂಡಿಗೆ ಸ್ವಲ್ಪ ಹೆಚ್ಚಿಗೆ ಹೋದವು. 1922ರಲ್ಲಿ ಜರ್ಮನಿಯವರು ಕೇಳದೆ ಕೇಳಿಸದೆ ಈ ಕತೆಯನ್ನೇ ನೊಸ್ಫೆರಾಟು ಸಿನಿಮಾ ಮಾಡಿದಾಗ ಫ್ಲಾರೆನ್ಸ್ ಸುಮ್ಮನಿರಲಿಲ್ಲ. ಕೋರ್ಟಿಗೆ ಹೋಗಿ ಪ್ರತಿಗಳನ್ನೆಲ್ಲ ನಾಶ ಮಾಡುವಂತೆ 1925ರಲ್ಲಿ ಆದೇಶ ತಂದರು. ಆದರೂ ಕೆಲವು ಪ್ರತಿ ಉಳಿದುಕೊಂಡವು.