ಸಹಾಯಕ ತರಬೇತುದಾರ ನೂಟ್ ರಾಕ್ನಿ

ಅಮೆರಿಕದ ಕಾಲೇಜು ಫುಟ್‌ಬಾಲ್ ಚರಿತ್ರೆಯಲ್ಲಿ ನೂಟ್ ರಾಕ್ನಿಯವರನ್ನು ನೆನೆಯುವವರು ಅವರ ಗೆಲುವುಗಳಿಂದಲೇ ಆರಂಭಿಸುತ್ತಾರೆ. ಮುಖ್ಯ ತರಬೇತುದಾರರಾಗಿ 13 ಋತುಗಳಲ್ಲಿ 105 ಗೆಲುವು, 12 ಸೋಲು, 5 ಸಮಬಲ. ಆದರೆ ಅದಕ್ಕೂ ಮುನ್ನ ನಾಲ್ಕು ವರ್ಷ ಅವರು ಇನ್ನೊಬ್ಬರ ಕೈಕೆಳಗೆ ದುಡಿದರು. ನನಗೆ ಹೆಚ್ಚು ಅಮೂಲ್ಯವೆನಿಸುವುದು ಆ ವರ್ಷಗಳು.

1888ರಲ್ಲಿ ನಾರ್ವೆಯ ವಾಸ್ ಎಂಬ ಊರಿನ ಲೂಥರನ್ ಕುಟುಂಬದಲ್ಲಿ ಜನಿಸಿದ ರಾಕ್ನಿ ಐದರ ಪ್ರಾಯದಲ್ಲಿ ಚಿಕಾಗೊ ಸೇರಿದರು. ಅಂಚೆ ಕಚೇರಿಯಲ್ಲಿ ದುಡಿದು ಹಣ ಕೂಡಿಟ್ಟು, 22ನೆಯ ವಯಸ್ಸಿನಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯಕ್ಕೆ ಬಂದರು. ಇಂಡಿಯಾನ ರಾಜ್ಯದ ಆ ಸಂಸ್ಥೆಯನ್ನು ಪವಿತ್ರ ಶಿಲುಬೆಯ ಸಭೆಯ ಗುರುಗಳು ನಡೆಸುತ್ತಿದ್ದರು. ಅಲ್ಲಿನ ಫುಟ್‌ಬಾಲ್ ನಮ್ಮ ಮಕ್ಕಳು ಒದೆಯುವ ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. 1913ರಲ್ಲಿ ವೆಸ್ಟ್ ಪಾಯಿಂಟ್‌ನ ಸೇನಾ ತಂಡವನ್ನು ನೋಟರ್ ಡೇಮ್ 35–13ರಿಂದ ಸೋಲಿಸಿದಾಗ, ಗಸ್ ಡೊರೇ ಎಸೆದ ಚೆಂಡನ್ನು ದೂರದಲ್ಲಿ ಹಿಡಿದು ರಾಕ್ನಿ ಹೆಸರಾದರು. ಈ ಎಸೆತವನ್ನು ಅವರಿಬ್ಬರೇ ಕಂಡುಹಿಡಿದರೆಂಬ ಮಾತು ಸರಿಯಲ್ಲ. 1906ರಲ್ಲಿಯೇ ನಿಯಮಗಳು ಅದಕ್ಕೆ ಎಡೆಮಾಡಿಕೊಟ್ಟಿದ್ದವು.

1914ರಲ್ಲಿ ಪದವಿ ಪಡೆದ ಮೇಲೆ ಅಲ್ಲಿಯೇ ರಸಾಯನಶಾಸ್ತ್ರ ವಿಭಾಗದಲ್ಲಿ ಸಹಾಯಕರಾದರು. ಫಾದರ್ ಜೂಲಿಯಸ್ ನ್ಯೂಲ್ಯಾಂಡ್ ಅಲ್ಲಿದ್ದರು. ಕೃತಕ ರಬ್ಬರಿಗೆ ಬುನಾದಿ ಹಾಕಿದ ವಿಜ್ಞಾನಿ ಅವರು. ಮೈದಾನದಲ್ಲಿಯೂ ಸಹಾಯಕನ ಸ್ಥಾನವೇ: ಜೆಸ್ಸಿ ಹಾರ್ಪರ್ ಮುಖ್ಯ ತರಬೇತುದಾರರು, ರಾಕ್ನಿ ಅವರ ಬಲಗೈ. ಓಟಗಾರರ ತರಬೇತಿಯೂ ಇವರ ಪಾಲಿಗೆ ಬಂದಿತ್ತು. ಸೋತರೆ ದೂರು, ಗೆದ್ದರೆ ಕೀರ್ತಿ, ಎರಡೂ ಹಾರ್ಪರ್ ಅವರಿಗೆ. ಆಳಬೇಕಾದವನು ಮೊದಲು ಆಳಿಸಿಕೊಳ್ಳಲು ಕಲಿಯಬೇಕೆಂಬ ಅರಿಸ್ಟಾಟಲನ ವಿಚಾರವನ್ನು ಗುರುಮಠದಲ್ಲಿ ಓದುವುದು ಸುಲಭ. ಮದುವೆಯಾಗಿ ಸಂಸಾರ ಹೂಡಿದ ಮನುಷ್ಯ ಅದನ್ನು ನಾಲ್ಕು ವರ್ಷ ಬದುಕುವುದು ಸುಲಭವಲ್ಲ. ಹಾರ್ಪರ್ ಹುದ್ದೆ ಬಿಟ್ಟು ಕಾನ್ಸಾಸ್‌ನ ಜಾನುವಾರು ಸಾಕಣೆಗೆ ಹೊರಟಾಗ ತಮ್ಮ ಸ್ಥಾನಕ್ಕೆ ರಾಕ್ನಿಯವರನ್ನೇ ಸೂಚಿಸಿದರು. 1918ರಲ್ಲಿ ಆ ಹೊಣೆ ಅವರಿಗೆ ಬಂದಿತು.

ಮುಂದಿನ ವಿಜಯಗಳು ಜಗಜ್ಜಾಹೀರು. ಪ್ರವಾಸದಲ್ಲಿ ಆಟಗಾರರು ನಿದ್ದೆಗೆಟ್ಟು ಮುಂಜಾನೆಯೇ ಪರಮಪ್ರಸಾದಕ್ಕೆ ಹೋಗುತ್ತಿದ್ದುದು ಈ ಲೂಥರನ್ ತರಬೇತುದಾರರ ಮನಸ್ಸನ್ನು ತಟ್ಟಿತೆಂದು ಹೇಳುತ್ತಾರೆ. ಕಲಿಸುವವರೇ ಕಲಿತರು. 1925ರ ನವೆಂಬರಿನಲ್ಲಿ, ವಿಶ್ವವಿದ್ಯಾಲಯದ ಆವರಣದ ಮರದ ದಿಮ್ಮಿಗಳ ಚಿಕ್ಕ ಪ್ರಾರ್ಥನಾಲಯದಲ್ಲಿ ಅವರು ಜ್ಞಾನಸ್ನಾನ ಪಡೆದರು.

1929ರಲ್ಲಿ ಕಾಲಿನ ರಕ್ತನಾಳದ ಕಾಯಿಲೆ ಅವರನ್ನು ಗಾಲಿಕುರ್ಚಿಗೆ ಕಟ್ಟಿಹಾಕಿತು. ಹೊಸ ಕ್ರೀಡಾಂಗಣ ಕಟ್ಟುತ್ತಿದ್ದುದರಿಂದ ತವರಿನಲ್ಲಿ ಒಂದು ಪಂದ್ಯವೂ ಇರಲಿಲ್ಲ. ಸಹಾಯಕ ಟಾಮ್ ಲೀಬ್ ಮೈದಾನದ ಭಾರ ಹೊತ್ತರು. ಒಂಬತ್ತು ಪಂದ್ಯಗಳಲ್ಲಿ ಒಂಬತ್ತನ್ನೂ ತಂಡ ಗೆದ್ದಿತು.

1931ರ ಮಾರ್ಚ್ 31ರಂದು ರಾಕ್ನಿ ಕಾನ್ಸಾಸ್ ಸಿಟಿಯಿಂದ ಲಾಸ್ ಏಂಜಲೀಸ್ ಕಡೆಗೆ ಹೊರಟಿದ್ದ ವಿಮಾನ, ಮರದ ರೆಕ್ಕೆ ಮುರಿದು, ಕಾನ್ಸಾಸ್‌ನ ಬಜಾರ್ ಎಂಬ ಹಳ್ಳಿಯ ಬಳಿ ಬಿದ್ದಿತು. ಅದರಲ್ಲಿದ್ದ ಎಂಟು ಮಂದಿಯೂ ಮಡಿದರು. ಅವರಿಗೆ 43 ವರ್ಷ. ಪತ್ನಿ ಬಾನಿ ಮತ್ತು ನಾಲ್ವರು ಮಕ್ಕಳನ್ನು ಅಗಲಿದರು. ಶವವನ್ನು ಗುರುತಿಸಲು ಅದೇ ರಾಜ್ಯದಲ್ಲಿದ್ದ ಹಾರ್ಪರ್ ಅವರನ್ನು ಕರೆಸಲಾಯಿತು. ಆ ವರ್ಷವೇ ಹಾರ್ಪರ್ ಕ್ರೀಡಾ ನಿರ್ದೇಶಕರಾಗಿ ನೋಟರ್ ಡೇಮ್‌ಗೆ ಮರಳಿದರು. ತಂಡವನ್ನು ರಾಕ್ನಿಯವರ ಸಹಾಯಕ ಹಂಕ್ ಆಂಡರ್ಸನ್ ವಹಿಸಿಕೊಂಡರು.